ತಿದ್ದದೆ ಉಳಿದ ಒಂದು ಫೋಟೋ

ನಮ್ಮ ಅಕ್ಕನ ಗಂಡ ಫೋಟೋ ಸ್ಟುಡಿಯೋ ಇಟ್ಟಿದ್ದಾರೆ. ಬೀದಿಯವರೆಲ್ಲ ಅವರನ್ನು ಸ್ಮೈಲಣ್ಣ ಎಂದು ಕರೆಯುತ್ತಾರೆ, ಏಕೆಂದರೆ ಕ್ಯಾಮೆರಾದ ಹಿಂದೆ ನಿಂತರೆ ಅವರ ಬಾಯಲ್ಲಿ ಆ ಒಂದು ಮಾತು ಬಿಟ್ಟು ಬೇರೆ ಬರುವುದಿಲ್ಲ. ಪಾಸ್‌ಪೋರ್ಟ್ ಫೋಟೋಗೆ ನಗಬಾರದು ಎಂದು ಗೊತ್ತಿದ್ದೂ, ‘ಹೊರಗೆ ಬೇಡ ಸಾರ್, ಒಳಗೊಳಗೇ ನಗಿ’ ಎನ್ನುವ ಮನುಷ್ಯ. ನನಗೆ ಅವರನ್ನು ಕಂಡರೆ ಬಹಳ ಪ್ರೀತಿ, ಅದಕ್ಕಿಂತ ಸ್ವಲ್ಪ ಹೆಚ್ಚು ಸಿಟ್ಟು. ಭಾವ ಎಂದ ಮೇಲೆ ಎರಡೂ ಇರಬೇಕಾದ್ದೇ.

ಸ್ಟುಡಿಯೋ ಎಂದರೆ ಉದ್ದನೆಯ ಒಂದೇ ಕೋಣೆ. ಮುಂದೆ ಗಾಜಿನ ಮೇಜು, ನಡುವೆ ಬಟ್ಟೆಯ ಪರದೆ, ಅದರಾಚೆ ತಿರುಗುವ ಸ್ಟೂಲು, ಎರಡು ಬದಿಗೆ ಬಿಳಿ ಕೊಡೆ ಕಟ್ಟಿದ ದೀಪಗಳು, ಗೋಡೆಗೆ ಕನ್ನಡಿ, ಕನ್ನಡಿಯ ಮೊಳೆಗೆ ದಾರದಲ್ಲಿ ಕಟ್ಟಿದ ಬಾಚಣಿಗೆ. ಅದನ್ನೇಕೆ ಕಟ್ಟಿಹಾಕಿದ್ದೀರಿ ಎಂದು ಕೇಳಿದರೆ, ‘ಜನ ಮುಖಾನ ನನ್ನ ಹತ್ರ ಬಿಟ್ಟು ಬಾಚಣಿಗೆ ತಗೊಂಡು ಹೋಗ್ತಾರೆ ಕಣೇ’ ಎನ್ನುತ್ತಾರೆ.

ಅವರ ನಿಜವಾದ ಕಸುಬು ಫೋಟೋ ತೆಗೆಯುವುದಲ್ಲ, ತಿದ್ದುವುದು. ಸೋದರಮಾವನ ಹತ್ತಿರ ಕೆಲಸ ಕಲಿಯುವಾಗ ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ಲಿನಿಂದ ತಿದ್ದುತ್ತಿದ್ದರಂತೆ, ಈಗ ಕಂಪ್ಯೂಟರಿನಲ್ಲಿ. ಮೊಡವೆ ಹೋಗುತ್ತದೆ, ಕಣ್ಣಡಿಯ ಕಪ್ಪು ಹೋಗುತ್ತದೆ, ಜೋತುಬಿದ್ದ ಭುಜ ನೆಟ್ಟಗಾಗುತ್ತದೆ. ಅದರಲ್ಲೂ ಕಣ್ಣಿನ ವಿಷಯಕ್ಕೆ ಬಂದರೆ ಅವರು ಯಾರ ಮಾತೂ ಕೇಳುವವರಲ್ಲ. ಮನುಷ್ಯರ ಎರಡು ಕಣ್ಣು ಸಾಮಾನ್ಯವಾಗಿ ಒಂದೇ ಮಟ್ಟದಲ್ಲಿರುವುದಿಲ್ಲ. ಅದು ಸೃಷ್ಟಿಯ ಲೋಪ, ಸರಿಪಡಿಸುವ ಗುತ್ತಿಗೆ ತಮಗೇ ಸಿಕ್ಕಿದೆ ಎಂದು ಭಾವ ನಂಬಿದ್ದರು. ಒಮ್ಮೆ ಪಕ್ಕದ ಬೇಕರಿಯವರ ಗುರುತಿನ ಚೀಟಿಯ ಫೋಟೋವನ್ನು ಎಷ್ಟು ಚಂದ ಮಾಡಿಕೊಟ್ಟರೆಂದರೆ, ಕಚೇರಿಯ ಗುಮಾಸ್ತ ‘ನಿಮ್ಮ ತಮ್ಮನ ಫೋಟೋ ಯಾಕ್ರೀ ತಂದ್ರಿ?’ ಎಂದು ಅವರನ್ನು ವಾಪಸ್ ಕಳುಹಿಸಿದ. ಭಾವ ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡರು.

ಅಕ್ಕ ಅವರಿಗೆ ಗಂಟುಬಿದ್ದದ್ದೂ ಹೀಗೆಯೇ. ಕಾಲೇಜಿಗೆಂದು ಫೋಟೋ ತೆಗೆಸಿಕೊಂಡು ಬಂದವಳು ಮನೆಯಲ್ಲಿ ಬಿಚ್ಚಿ ನೋಡಿದರೆ ಕೆನ್ನೆಯ ಮಚ್ಚೆ ಮಾಯ! ಪಿತ್ತ ನೆತ್ತಿಗೇರಿತು. ನನ್ನ ಕೈ ಹಿಡಿದು ಎಳೆದುಕೊಂಡೇ ಸ್ಟುಡಿಯೋಗೆ ನುಗ್ಗಿ, ‘ನನ್ನ ಮಚ್ಚೆ ವಾಪಸ್ ಕೊಡ್ರೀ’ ಎಂದಳು. ಅವರು ಕೊಟ್ಟರು, ಆದರೆ ಇರಬೇಕಾದ ಜಾಗಕ್ಕಿಂತ ತುಸು ಮೇಲೆ. ಅಲ್ಲೇ ಚೆನ್ನಾಗಿ ಕಾಣುತ್ತದಂತೆ! ಅಕ್ಕ ಮತ್ತೆ ಹೋದಳು. ಹೀಗೆ ಜಗಳಕ್ಕೆಂದು ಹೋಗಿ ಬಂದು, ಹೋಗಿ ಬಂದು, ಕೊನೆಗೆ ಮದುವೆಯೇ ಆಗಿಹೋಯಿತು.

ನಾನು ಕಣ್ಣಿನ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ನರ್ಸು. ನಮ್ಮಲ್ಲಿ ಒಬ್ಬರು ಡಾಕ್ಟರಮ್ಮ ಇದ್ದಾರೆ. ಅವರ ಕೆಲಸ ಕಣ್ಣಿನದಲ್ಲ, ಕಣ್ಣು ಕೂತಿರುವ ಮೂಳೆಯ ಗೂಡಿನದು. ಆ ಗೂಡಿನೊಳಗೆ ಗಡ್ಡೆ ಬೆಳೆದರೆ ಕಣ್ಣನ್ನು ಮುಂದಕ್ಕೋ ಪಕ್ಕಕ್ಕೋ ತಳ್ಳುತ್ತದೆ. ಹಾಗೆ ಬಂದ ಪ್ರತಿಯೊಬ್ಬರಿಗೂ ಅವರು ಹೇಳುವ ಮೊದಲ ಮಾತು, ‘ನಿಮ್ಮ ಹಳೇ ಫೋಟೋಗಳನ್ನ ತನ್ನಿ.’ ಹಾಗಾಗಿ ಅವರ ಬೆನ್ನ ಹಿಂದೆ ನಾವೆಲ್ಲ ಅವರನ್ನು ಫೋಟೋ ಮೇಡಂ ಎನ್ನುತ್ತೇವೆ. ಅವರಿಗೂ ಇದು ಗೊತ್ತು.

ಫೋಟೋ ಯಾಕೆಂದರೆ, ಗಡ್ಡೆಯ ವಯಸ್ಸು ತಿಳಿಯುವುದಕ್ಕೆ. ‘ಮೊನ್ನೆ ಮೊನ್ನೆ ಶುರುವಾಯ್ತು ಮೇಡಂ’ ಎಂದು ಎಲ್ಲರೂ ಹೇಳುತ್ತಾರೆ. ಕನ್ನಡಿಯಲ್ಲಿ ದಿನಾ ನೋಡುವ ಮುಖ ನಿಧಾನವಾಗಿ ಬದಲಾದರೆ ಯಾರಿಗೂ ತಿಳಿಯುವುದಿಲ್ಲ. ಗಡ್ಡೆಯ ವಯಸ್ಸು ತಿಳಿದರೆ ಬಯಾಪ್ಸಿ ಹೇಗೆ ಮಾಡಬೇಕು ಎಂಬುದರ ಅರ್ಧ ದಾರಿ ತಿಳಿದಂತೆ. ಸೂಜಿ ಚುಚ್ಚಿ ನಾಲ್ಕು ಜೀವಕೋಶ ಎಳೆಯಬಹುದು; ಬೇರೆ ಕಡೆಯ ಕ್ಯಾನ್ಸರ್ ಇಲ್ಲಿಗೆ ಬಂದಿದೆಯೇ ಎಂದು ನೋಡಲು ಎಷ್ಟೋ ಸಲ ಅಷ್ಟೇ ಸಾಕು. ಚಾಕುವಿನಿಂದ ಒಂದು ತುಂಡು ತೆಗೆಯಬಹುದು. ಬೇಗ ಬೆಳೆಯುವ ಗಡ್ಡೆಗೆ, ಔಷಧಿಯಲ್ಲೇ ಕರಗಿಹೋಗಬಹುದಾದ ಗಡ್ಡೆಗೆ ಅದೇ ಸರಿ, ಏಕೆಂದರೆ ಹೆಸರು ತಿಳಿಯದೆ ಅವುಗಳಿಗೆ ಚಿಕಿತ್ಸೆ ಇಲ್ಲ. ಇನ್ನು ಕೆಲವಕ್ಕೆ ಸೂಜಿಯೂ ತಾಗಬಾರದು, ಚಾಕುವೂ ತಾಗಬಾರದು. ಇಡಿಯಾಗಿ ಹೊರಗೆ ತಂದ ಮೇಲೆಯೇ ಹೆಸರು ಕೇಳಬೇಕು. ಯಾವುದಕ್ಕೆ ಯಾವುದು ಎಂದು ಆರಿಸುವುದರಲ್ಲೇ ಫೋಟೋ ಮೇಡಂ ಅವರ ಹೆಚ್ಚುಗಾರಿಕೆ. ಚಾಕು ಹಿಡಿಯುವುದು ಆಮೇಲಿನ ಮಾತು.

ಒಂದು ದಿನ ಭಾವ ಸ್ಟುಡಿಯೋದಲ್ಲಿ ಎತ್ತರದ ದೀಪ ಸರಿಮಾಡಲು ತಲೆಯೆತ್ತಿದಾಗ ಒಂದು ದೀಪ ಎರಡಾಗಿ ಕಂಡಿತಂತೆ. ಯಾರಿಗೂ ಹೇಳಲಿಲ್ಲ. ಅಕ್ಕನಿಗೆ ಗೊತ್ತಾದದ್ದು ಅವರು ಮಾಳಿಗೆಯ ಮೆಟ್ಟಿಲಲ್ಲಿ ಇಲ್ಲದ ಮೆಟ್ಟಿಲಿಗೆ ಕಾಲಿಟ್ಟು ಮೊಣಕಾಲು ತರಚಿಕೊಂಡಾಗ. ಅವಳು ಹಿಡಿದು ನಿಲ್ಲಿಸಿ ನೋಡಿದರೆ ಬಲಗಣ್ಣಿನ ಮೇಲಿನ ರೆಪ್ಪೆ ಹೊರತುದಿಯಲ್ಲಿ ಉಬ್ಬಿದೆ, ಕಣ್ಣು ತುಸು ಕೆಳಕ್ಕೆ ಜಾರಿದೆ. ಅದೇ ಕಣ್ಣಿನಿಂದ ಅವರು ಕ್ಯಾಮೆರಾ ನೋಡುವುದು. ಅಕ್ಕ ಕೂಡಲೇ ನನಗೆ ಫೋನ್ ಮಾಡಿದಳು.

ಅವರು ಆಸ್ಪತ್ರೆಗೆ ಬಂದ ದಿನ ನಾನು ಥಿಯೇಟರ್ ಬಿಟ್ಟು ಅಲ್ಲಾಡುವಂತಿರಲಿಲ್ಲ. ಅಕ್ಕ ಸ್ಕ್ಯಾನಿನ ಸಾಲಿನಲ್ಲಿ ನಿಂತಿದ್ದಳು. ಹೀಗಾಗಿ ಭಾವ ಮೇಡಂ ಅವರ ಕೋಣೆಗೆ ಹೋದದ್ದು ಒಬ್ಬರೇ. ಉಬ್ಬು ಕಣ್ಣೀರಿನ ಗ್ರಂಥಿ ಇರುವ ಜಾಗದಲ್ಲಿತ್ತು. ನೋವಿಲ್ಲ ಎಂದರು. ಯಾವಾಗಿನಿಂದ ಎಂದರೆ ‘ಈಗ ಒಂದೆರಡು ತಿಂಗಳಿಂದ’ ಎಂದರು. ಫೋಟೋ ಎಂದೊಡನೆ, ಅಂಗಡಿಯ ಕಪಾಟಿನಲ್ಲಿಡಲು ವರ್ಷಕ್ಕೊಂದರಂತೆ ತಾವೇ ತೆಗೆದುಕೊಂಡಿದ್ದ ತಮ್ಮ ಭಾವಚಿತ್ರಗಳನ್ನು ಅಂದೇ ಸಂಜೆ ತಂದು ಕೊಟ್ಟರು. ಎಲ್ಲದರಲ್ಲೂ ಎರಡು ಕಣ್ಣು ಒಂದೇ ಗೆರೆಯಲ್ಲಿ. ಮೇಡಂ ‘ತುಂಬ ಚೆನ್ನಾಗಿ ತೆಗೆದಿದೀರ’ ಎಂದರಂತೆ. ಭಾವ ಆ ಮಾತನ್ನು ನನಗೆ ಮೂರು ಸಲ ಹೇಳಿದರು. ಕೊಟ್ಟದ್ದು ಯಾವ ಫೋಟೋ ಎಂದು ಕೇಳಬೇಕೆಂದು ಆಗ ನನಗೂ ಹೊಳೆಯಲಿಲ್ಲ.

ಫೋಟೋ ನಂಬಿದರೆ ಗಡ್ಡೆ ಹೊಸದು. ಹೊಸದಾಗಿದ್ದು ಇಷ್ಟು ಬೆಳೆದಿದೆ ಎಂದರೆ ಅದು ಕೆಟ್ಟದ್ದೂ ಇರಬಹುದು. ಮೊದಲು ತುಂಡು ತೆಗೆದು ಹೆಸರು ತಿಳಿಯೋಣ ಎಂದು ಮೇಡಂ ದಿನ ಗೊತ್ತುಮಾಡಿದರು.

ಮನೆಯಲ್ಲಿ ರಂಪವೋ ರಂಪ. ‘ಸೂಜಿ ಇದೆಯಂತಲ್ಲ, ಅದು ಸಾಲದಾ? ಚಾಕು ಯಾಕೆ?’ ಎಂದು ಭಾವ. ‘ಸೂಜಿಯೂ ಬೇಡ, ತುಂಡೂ ಬೇಡ, ಪೂರ್ತಿ ಕಿತ್ತು ಬಿಸಾಕ್ಲಿ. ಒಂದು ಚೂರು ತೆಗೆದು ಉಳಿದಿದ್ದನ್ನ ಒಳಗೇ ಬಿಡೋದಂದ್ರೆ ಏನರ್ಥ?’ ಎಂದು ಅಕ್ಕ. ಇಬ್ಬರೂ ನನ್ನ ತಲೆ ತಿಂದರು. ಹಠ ಹಿಡಿದು ನಿಲ್ಲುವುದರಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಸರಿಸಮ. ‘ಮೇಡಂಗೆ ಗೊತ್ತಿದೆ, ಬಾಯ್ಮುಚ್ಕೊಂಡು ಇರಿ ಇಬ್ಬರೂ’ ಎಂದು ನಾನು ಗದರಿಸಿ ಬಂದೆ. ಆದರೆ ಬಸ್ಸಿನಲ್ಲಿ ಕೂತಾಗ ನನಗೂ ಹೆದರಿಕೆಯಾಯಿತು. ಕ್ಯಾನ್ಸರ್ ಎಂಬ ಪದವನ್ನು ನಮ್ಮ ಮೂವರಲ್ಲಿ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ.

ಗೊತ್ತುಮಾಡಿದ ದಿನದ ಹಿಂದಿನ ಮಧ್ಯಾಹ್ನ ಮೇಡಂ ನನ್ನನ್ನು ಕರೆಸಿದರು. ಸ್ಕ್ಯಾನನ್ನು ಪರದೆಯ ಮೇಲೆ ತೆರೆದಿಟ್ಟುಕೊಂಡು, ತಣ್ಣಗಾದ ಕಾಫಿಯನ್ನು ಪಕ್ಕಕ್ಕಿಟ್ಟು ಕೂತಿದ್ದರು.

‘ಇಲ್ನೋಡಿ,’ ಎಂದರು. ‘ಗಡ್ಡೆ ಕೂತಿರೋ ಜಾಗದಲ್ಲಿ ಮೂಳೆ ನುಣ್ಣಗೆ ಬಟ್ಟಲಿನ ಹಾಗೆ ಗುಳಿ ಬಿದ್ದಿದೆ. ಕೆಟ್ಟ ಗಡ್ಡೆ ಆಗಿದ್ರೆ ಸಾಮಾನ್ಯವಾಗಿ ಮೂಳೆ ತಿಂದು ಹಾಕಿರುತ್ತೆ. ಇದು ವರ್ಷಗಟ್ಟಲೆ ಮೆಲ್ಲಗೆ ಒತ್ತಿ ಒತ್ತಿ ಆಗಿರೋದು. ಫೋಟೋ ನೋಡಿದ್ರೆ ಹೋದ ವರ್ಷದವರೆಗೆ ಏನೂ ಇಲ್ಲ. ಮೂಳೆ, ಫೋಟೋ ಎರಡರಲ್ಲಿ ಒಂದು ಸುಳ್ಳು ಹೇಳ್ತಿದೆ. ಮೂಳೆಗೆ ಸುಳ್ಳು ಹೇಳೋಕೆ ಬರಲ್ಲ. ನಿಮ್ಮ ಅಕ್ಕ ಭಾವನ್ನ ಈಗಲೇ ಕರೀರಿ.’

ಅವರು ಬಂದರು. ಮೇಡಂ ಭಾವನ ಚಿತ್ರಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದರು. ಮೇಡಂಗೆ ಕೊಟ್ಟದ್ದು ಅಂಗಡಿಯ ಆ ಚಿತ್ರಗಳನ್ನೇ ಎಂದು ಅಕ್ಕನಿಗೆ ಗೊತ್ತಾದದ್ದು ಆಗಲೇ. ಒಂದೊಂದನ್ನೇ ಎತ್ತಿ ನೋಡಿದಳು. ಆಮೇಲೆ ಗಂಡನ ಕಡೆ ತಿರುಗಿದಳು.

‘ರೀ, ಇವನ್ನ ಕೊಟ್ರಾ ನೀವು? ಡಾಕ್ಟ್ರಿಗೆ? ಇವನ್ನ?’

‘ಯಾಕೆ, ಚೆನ್ನಾಗಿಲ್ವಾ?’ ಎಂದರು ಭಾವ.

‘ಮೇಡಂ, ಇವರು ಊರಿನವರ ಮುಖಾನೇ ಸುಮ್ನೆ ಬಿಡೋರಲ್ಲ, ತಮ್ಮ ಮುಖ ಬಿಡ್ತಾರಾ? ಒಂದೊಂದನ್ನೂ ತಿದ್ದಿ ತೀಡಿ ಇಟ್ಟಿದಾರೆ!’

ಮೇಡಂ ಕನ್ನಡಕ ತೆಗೆದು ಭಾವನನ್ನೇ ನೋಡಿದರು. ಭಾವನ ಮುಖ ಇಂಗು ತಿಂದ ಮಂಗನಂತಾಯಿತು. ‘ಅದು ಸುಳ್ಳಲ್ಲ ಮೇಡಂ, ಫಿನಿಶಿಂಗ್,’ ಎಂದರು. ನನಗೆ ಅವರ ಕಿವಿ ಹಿಂಡಬೇಕೆನ್ನಿಸಿತು. ನೆಗಡಿಯೆಂದು ಬಂದ ರೋಗಿ ಮೂಗನ್ನು ಮನೆಯಲ್ಲಿಟ್ಟು ಬರುತ್ತಾನೆಯೇ? ಈ ಮನುಷ್ಯ ಬಂದಿದ್ದರು!

ಮೇಡಂ ಸಿಟ್ಟಾಗಲಿಲ್ಲ. ‘ಕಣ್ಣಿನ ಮಟ್ಟ ಸರಿಮಾಡಿದೀರಾ?’ ಎಂದು ಕೇಳಿದರು.

‘ಹೂಂ.’

‘ಯಾವಾಗಿನಿಂದ?’

ಭಾವ ಒಂದು ಚಿತ್ರವನ್ನು ಕೈಗೆತ್ತಿಕೊಂಡರು, ಇನ್ನೊಂದನ್ನು ಎತ್ತಿಕೊಂಡರು. ಆಮೇಲೆ ಬಹಳ ಮೆಲ್ಲಗೆ ಹೇಳಿದರು: ‘ತುಂಬಾ ವರ್ಷಗಳಿಂದ ಮೇಡಂ. ಮೊದಮೊದಲು ಒಂಚೂರು ಎತ್ತಿದ್ರೆ ಸಾಕಾಗ್ತಿತ್ತು. ಪ್ರತಿ ವರ್ಷ ಹೋದ ವರ್ಷಕ್ಕಿಂತ ಸ್ವಲ್ಪ ಜಾಸ್ತಿ ಎತ್ತಬೇಕಾಗ್ತಿತ್ತು. ಲೆನ್ಸ್ ಕೆಟ್ಟಿದೆ ಅಂದ್ಕೊಂಡೆ. ಹೊಸ ಲೆನ್ಸೂ ತಗೊಂಡೆ.’

ತಮ್ಮ ಗಡ್ಡೆ ಬೆಳೆಯುವುದನ್ನು ವರ್ಷ ವರ್ಷವೂ ಅಳೆದವರು ಅವರೇ, ಅಳತೆಯನ್ನು ಅಳಿಸಿದವರೂ ಅವರೇ.

‘ತಿದ್ದದೆ ಇರೋ ಫೋಟೋ ಒಂದಾದ್ರೂ ಇದೆಯಾ? ಬಾಯಿಮಾತಿನ ಮೇಲೆ ನಾನು ಇದನ್ನ ತೀರ್ಮಾನ ಮಾಡೋಕಾಗಲ್ಲ,’ ಎಂದರು ಮೇಡಂ.

‘ಇಲ್ಲ,’ ಎಂದರು ಭಾವ. ‘ನಾನು ಬಿಡಲ್ಲ.’

‘ಇದೆ,’ ಎಂದಳು ಅಕ್ಕ.

ಫೋನ್ ತೆಗೆದು ಬಹಳ ಹಿಂದಕ್ಕೆ ಸರಿಸಿಕೊಂಡು ಹೋದಳು. ಅವಳು ತೆಗೆದ ಚಿತ್ರ. ಅಡುಗೆಮನೆಯ ಬಾಗಿಲಲ್ಲಿ ಭಾವ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಾಯ್ತುಂಬ ನಗುತ್ತಿದ್ದಾರೆ. ಚೌಕಟ್ಟು ಸೊಟ್ಟ, ಬೆಳಕು ಕಡಿಮೆ, ಮಗಳ ತಲೆ ಅರ್ಧ ಕತ್ತರಿಸಿಹೋಗಿದೆ. ಮಗಳಿಗೆ ಮುಂದಿನ ಹಾಲುಹಲ್ಲು ಬಿದ್ದಿದೆ. ಅವಳು ಈಗ ಹೈಸ್ಕೂಲು ಮುಗಿಸುತ್ತಿದ್ದಾಳೆ.

‘ಇದನ್ನ ಅಳಿಸು ಅಂದಿದ್ನಲ್ಲೇ!’ ಎಂದರು ಭಾವ.

‘ನಿಮ್ಮ ಮಾತು ಕೇಳಿದ್ರೆ ಕೆಟ್ಟೆ,’ ಎಂದಳು ಅಕ್ಕ. ‘ಇದರಲ್ಲಿ ನೀವು ನೀವೇ ಇದೀರ ಅಂತ ಇಟ್ಕೊಂಡೆ.’

ಮೇಡಂ ಚಿತ್ರವನ್ನು ದೊಡ್ಡದು ಮಾಡಿ, ಭಾವನ ಎರಡು ಕಣ್ಣುಗಳ ಒಳಮೂಲೆಗಳಿಗೆ ಸಮವಾಗಿ ಒಂದು ಸ್ಕೇಲು ಹಿಡಿದರು. ಬಲಗಣ್ಣಿನ ಗೊಂಬೆ ಆಗಲೇ ಎಡಗಣ್ಣಿನದಕ್ಕಿಂತ ಕೆಳಗಿತ್ತು. ರೆಪ್ಪೆಯ ಹೊರತುದಿ ಆಗಲೇ ತುಂಬಿಕೊಂಡಿತ್ತು. ಈಗಿನದರಷ್ಟಲ್ಲ, ಆದರೆ ಗಡ್ಡೆ ಇದ್ದದ್ದು ಖಂಡಿತ.

‘ಸರಿ,’ ಎಂದು ಮೇಡಂ ಸ್ಕೇಲು ಕೆಳಗಿಟ್ಟರು. ‘ನಾಳೆ ತುಂಡು ತೆಗೆಯಲ್ಲ. ಸೂಜಿನೂ ಹಾಕಲ್ಲ. ಹಳೇದು, ನೋವಿಲ್ಲ, ಮೂಳೆ ನುಣ್ಣಗಿದೆ. ಇಂಥದ್ದು ಸಾಮಾನ್ಯವಾಗಿ ಕೆಡುಕಿಲ್ಲದ ಗಡ್ಡೆ. ಇಡಿಯಾಗಿ ತೆಗೀತೀನಿ.’

ಭಾವ ಬೆಚ್ಚಿದರು. ‘ಏನು ಅಂತಾನೇ ಗೊತ್ತಿಲ್ದೆ ಪೂರ್ತಿ ತೆಗೆಯೋದಾ ಮೇಡಂ? ಮೊದಲು ನೋಡಿ, ಆಮೇಲೆ ತೆಗೀಬೇಕಲ್ವಾ?’

‘ಬೇರೆ ಗಡ್ಡೆಗಳಿಗೆ ಹಾಗೇ. ಇದರ ಜಾಯಮಾನ ಬೇರೆ. ಹಣ್ಣಾದ ಟೊಮೇಟೊ ನೋಡಿದೀರಲ್ಲ, ಹಾಗೆ ಇದಕ್ಕೆ ಒಂದು ತೆಳು ಸಿಪ್ಪೆ. ಹೆಸರು ಕೇಳೋಕೆ ಹೋಗಿ ಸಿಪ್ಪೆ ಒಡೆದ್ರೆ ಒಳಗಿರೋದು ಗೂಡಿನ ತುಂಬಾ ಚೆಲ್ಲುತ್ತೆ. ಆಮೇಲೆ ಅದು ಅಲ್ಲಲ್ಲಿ ಮತ್ತೆ ಮತ್ತೆ ಹುಟ್ಟುತ್ತೆ, ಮುಂದೆ ಕೆಟ್ಟದಕ್ಕೂ ತಿರುಗಬಹುದು. ಸಿಪ್ಪೆ ಸಮೇತ ಬಂದ್ರೆ ಅಲ್ಲಿಗೆ ಮುಗೀತು.’

‘ನಾನು ಕೊಟ್ಟ ಫೋಟೋ ನಂಬಿದ್ರೆ?’

‘ನಾಳೆ ಬೆಳಿಗ್ಗೆ ನಾನೇ ಸಿಪ್ಪೆ ಒಡೀತಿದ್ದೆ.’

ಇದನ್ನು ಅವರು ಗದರಿಸದೆ ಹೇಳಿದರು. ಅದಕ್ಕೇ ಹೆಚ್ಚು ನಾಟಿತು. ಭಾವ ತಲೆ ತಗ್ಗಿಸಿ ಚಿತ್ರಗಳನ್ನೆಲ್ಲ ಒಟ್ಟುಮಾಡಿ ಮಗುಚಿಟ್ಟರು.

‘ಮೇಡಂ, ಕಣ್ಣು?’ ಎಂದು ಕೇಳಿದಳು ಅಕ್ಕ. ‘ಇವರು ಆ ಕಣ್ಣಲ್ಲೇ ಕೆಲಸ ಮಾಡೋದು.’

ಮೇಡಂ ಅಡ್ಡಗೋಡೆಯ ಮೇಲೆ ದೀಪ ಇಡುವವರಲ್ಲ. ‘ದೃಷ್ಟಿಗೆ ಅಪಾಯ ಕಡಿಮೆ, ಆದ್ರೆ ಇಲ್ಲವೇ ಇಲ್ಲ ಅಂತ ಹೇಳಲ್ಲ. ಒಳಗೆ ಹೋದಾಗ ಗಡ್ಡೆ ನಾನು ಅಂದ್ಕೊಂಡ ಹಾಗಿಲ್ಲದೆ ಅಕ್ಕಪಕ್ಕ ಬೇರು ಬಿಟ್ಟಿರೋದು ಕಂಡ್ರೆ, ಅಲ್ಲಿಗೇ ನಿಲ್ಲಿಸಿ ತುಂಡು ತಗೊಂಡು ಹೊರಗೆ ಬರ್ತೀನಿ. ಬಲವಂತ ಮಾಡಲ್ಲ. ಒಪ್ಪಿಗೆನಾ?’

ಭಾವ ಅಕ್ಕನನ್ನು ನೋಡಿದರು. ಅಕ್ಕ ತಲೆಯಾಡಿಸಿದಳು. ‘ಒಪ್ಪಿಗೆ,’ ಎಂದರು ಭಾವ.

ದೊಡ್ಡ ಆಪರೇಷನ್ ಆದ್ದರಿಂದ ದಿನ ಮುಂದಕ್ಕೆ ಹೋಯಿತು. ಆಪರೇಷನ್ನಿನ ದಿನ ಮೇಡಂ ನನಗೆ, ‘ಕತ್ತರಿ ಕೊಡೋದು ಬೇರೆಯವರು. ನಿಮ್ಮ ಕೈ ನಡುಗಬಹುದು. ದೀಪ ನೋಡ್ಕೊಳ್ಳಿ,’ ಎಂದರು. ನಾನು ದೀಪ ನೋಡಿಕೊಂಡೆ. ಹುಬ್ಬಿನ ಹೊರತುದಿಯಲ್ಲಿ ಕೊಯ್ದು, ಗೂಡಿನ ಹೊರಗೋಡೆಯ ಮೂಳೆಯ ಒಂದು ತುಣುಕನ್ನು ಬಿಡಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರು. ಕೆಲಸ ಮುಗಿದ ಮೇಲೆ ಅದು ಮತ್ತೆ ತನ್ನ ಜಾಗಕ್ಕೆ ಹೋಗಬೇಕು. ಆ ಕಿಂಡಿಯಿಂದ ಗಡ್ಡೆ ಕಂಡಿತು. ಬೂದು ಬಿಳುಪು, ಗುಂಡಗೆ, ಮೇಲೆ ಸಣ್ಣ ಸಣ್ಣ ಉಬ್ಬು. ಸುತ್ತ ಎಲ್ಲೂ ಬೇರು ಬಿಟ್ಟಿರಲಿಲ್ಲ.

‘ನಾನಂದ್ಕೊಂಡಿದ್ದೇ,’ ಎಂದರು ಮೇಡಂ. ಮುಖವಾಡದ ಹಿಂದೆ ನಕ್ಕದ್ದು ಕಣ್ಣಲ್ಲಿ ಗೊತ್ತಾಯಿತು.

ಆಮೇಲಿನದೆಲ್ಲ ತಾಳ್ಮೆಯ ಕೆಲಸ. ಇಕ್ಕಳದ ಹಲ್ಲು ಅದಕ್ಕೆ ತಾಗುವಂತಿಲ್ಲ. ಹತ್ತಿಯಿಂದ ಸರಿಸುತ್ತ, ಬೆರಳ ತುದಿಯಿಂದ ಬಿಡಿಸುತ್ತ, ಸುತ್ತಲಿನ ಒಂದಿಷ್ಟು ಅಂಗಾಂಶವನ್ನೂ ಸೇರಿಸಿಕೊಂಡು ಬರುತ್ತಿದ್ದರು. ಒಂದು ಕಡೆ ಅದು ಮೂಳೆಗೆ ಅಂಟಿಕೊಂಡಿತ್ತು. ಸಹಾಯಕ ಡಾಕ್ಟರು ‘ಸ್ವಲ್ಪ ಎಳೀಲಾ ಮೇಡಂ?’ ಎಂದರು. ‘ಕೈ ಇಡಬೇಡಿ,’ ಎಂದರು ಮೇಡಂ. ಅಷ್ಟು ಬಿಗಿಯಾಗಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಮೂಳೆಯ ಮೇಲಿನ ಪೊರೆಯನ್ನೇ ಅದರ ಜೊತೆ ಎಬ್ಬಿಸಿದರು. ಗಡ್ಡೆ ಮೆಲ್ಲಗೆ ಅವರ ಬೆರಳ ಮೇಲೆ ಹೊರಳಿ ಬಟ್ಟಲಿಗೆ ಬಂತು. ಬಟ್ಟಲನ್ನು ನನ್ನ ದೀಪದ ಕೆಳಗೆ ಹಿಡಿದು ಸುತ್ತ ತಿರುಗಿಸಿ ನೋಡಿದರು. ನಾನೂ ನೋಡಿದೆ. ‘ಎಲ್ಲೂ ಬಿರುಕು ಕಾಣ್ತಿಲ್ಲ ಮೇಡಂ,’ ಎಂದೆ.

‘ನನಗೂ ಕಾಣಿಸ್ಲಿಲ್ಲ. ಆದ್ರೆ ಲ್ಯಾಬಿನವರು ಹೇಳ್ಬೇಕು,’ ಎಂದರು ಮೇಡಂ.

ಲ್ಯಾಬಿನವರು ಹೇಳುವವರೆಗೆ ಮನೆಯಲ್ಲಿ ಎಲ್ಲರೂ ತುದಿಗಾಲಲ್ಲಿ ನಿಂತಿದ್ದೆವು. ಪಟ್ಟಿ ಬಿಚ್ಚಿದ ದಿನ ಭಾವನಿಗೆ ದೀಪ ಇನ್ನೂ ಒಂದೂವರೆಯಾಗಿ ಕಾಣುತ್ತಿತ್ತು. ಊತ ಇಳಿದಂತೆ ಒಂದಾಯಿತು. ಮುಖದ ಅರ್ಧ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ‘ಇದನ್ನ ತಿದ್ದೋಕೆ ನನ್ನಿಂದಲೂ ಆಗಲ್ಲ’ ಎಂದು ನೋಡಲು ಬಂದವರಿಗೆಲ್ಲ ತೋರಿಸಿದರು. ಜೋಕು ಹೇಳುತ್ತಿದ್ದರು, ಆದರೆ ಫೋನ್ ಬಡಿದುಕೊಂಡಾಗಲೆಲ್ಲ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು.

ವರದಿ ಬಂದ ದಿನ ಮೂವರೂ ಮೇಡಂ ಅವರ ಎದುರು ಕೂತೆವು. ಗಡ್ಡೆಯ ಹೆಸರು ಉದ್ದವಾಗಿತ್ತು. ಅಕ್ಕ ಅದನ್ನು ಕೇಳಿಸಿಕೊಳ್ಳಲೇ ಇಲ್ಲ.

‘ಕ್ಯಾನ್ಸರ್ ಅಲ್ಲ,’ ಎಂದರು ಮೇಡಂ. ‘ಸಿಪ್ಪೆ ಸುತ್ತಲೂ ಪೂರ್ತಿ ಇದೆ. ಎಲ್ಲೂ ಒಡೆದಿಲ್ಲ.’

‘ಅಂದ್ರೆ ವಾಪಸ್ ಬರಲ್ವಾ ಮೇಡಂ?’

‘ಬರಬಾರದು. ಬಂದಿಲ್ಲ ಅಂತ ನೋಡೋಕೆ ವರ್ಷಕ್ಕೊಂದ್ಸಲ ನೀವು ಬನ್ನಿ.’

ಭಾವ ಏನೋ ತಮಾಷೆಯ ಮಾತು ಹೇಳಲು ಹೊರಟರು. ಅವರ ಮದುವೆಯಾದಾಗಿನಿಂದ ಅಂದಿನವರೆಗೆ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ. ಅಂದು ಅತ್ತರು. ಎಡಗಣ್ಣಿನಿಂದ ನೀರು ಧಾರೆಧಾರೆಯಾಗಿ ಇಳಿದು ಗಲ್ಲದವರೆಗೆ ಬಂತು. ಬಲಗಣ್ಣು ಕೆಂಪಾಗಿತ್ತು, ಒಣಗಿತ್ತು. ಗಡ್ಡೆಯ ಜೊತೆಗೆ ಆ ಕಣ್ಣಿನ ಕಣ್ಣೀರಿನ ಗ್ರಂಥಿಯೂ ಹೋಗಿತ್ತು. ಭಾವ ಒಣಗಿದ ಕೆನ್ನೆಯನ್ನು ಮುಟ್ಟಿ ನೋಡಿಕೊಂಡು, ಏನಾಯಿತು ಎಂದು ಮೇಡಂ ಕಡೆ ನೋಡಿದರು.

‘ಆ ಕಡೆ ಇನ್ನು ಕಡಿಮೆಯೇ,’ ಎಂದರು ಮೇಡಂ. ‘ಒಣಗದ ಹಾಗೆ ಹನಿ ಹಾಕ್ಕೊಳ್ಬೇಕು. ದೃಷ್ಟಿ ಚೆನ್ನಾಗಿದೆ.’

ಅಕ್ಕ ಅಂಗೈಯಿಂದ ಅವರ ಎಡಗೆನ್ನೆಯನ್ನು ಒರೆಸಿದಳು. ಡಾಕ್ಟರ ಎದುರಿಗಿದ್ದೇವೆ ಎಂಬ ಪರಿವೆ ಅವಳಿಗಿರಲಿಲ್ಲ.

‘ಹೋಗ್ಲಿ ಬಿಡಿ,’ ಎಂದಳು. ‘ನೀವು ಅರ್ಧ ಅಳಿ. ಉಳಿದರ್ಧ ನಾನು ಅಳ್ತೀನಿ.’

ಎಂದವಳು ಅತ್ತೇಬಿಟ್ಟಳು.